ಮೊದಲ ಆರತಿ ನಮ್ಮ ಮನೆಯದು

ಸಾರಕ್ಕಿ, ಬೆಂಗಳೂರು
14 ಜುಲೈ 2025

ಚಿರಂಜೀವಿ ಶಿವರಾಮನಿಗೆ,

ಕಲಬುರಗಿಯ ಬಿಸಿಲು ಇಳಿಯಿತೇ? ನಿನ್ನ ಗ್ಯಾಸ್ಟ್ರಿಕ್ ಹೇಗಿದೆ? ಬ್ಯಾಂಕಿನ ಕ್ಯಾಂಟೀನ್ ಊಟ ಬಿಟ್ಟು ಮನೆಯಲ್ಲಿ ಮುದ್ದೆ ಉಣ್ಣು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದಕ್ಕೆ ಅಡ್ಡಬಾಯಿ ಹಾಕಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಣ್ಣಿನ ಪೊರೆ ತೆಗೆಸಲು ಜಯನಗರದ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೆಂಟನೇ ತಾರೀಖು ಗೊತ್ತುಮಾಡಿದ್ದೀಯಲ್ಲ, ಅದನ್ನು ರದ್ದು ಮಾಡು. ನಾನು ಹೋಗುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಯ ಮಾತೆತ್ತಿದಾಗ ನೀನು ಫೋನಿನಲ್ಲಿ, "ಸರ್ಕಾರಿ ಆಸ್ಪತ್ರೆಗಾ? ನೆಂಟ್ರು ಏನಂತಾರಮ್ಮ?" ಎಂದೆ. ನೆಂಟರನ್ನು ಬಿಡು, ನಮ್ಮ ಬೀದಿಯವರು ಏನಂದರು ಕೇಳು.

ನಾನು ನಮ್ಮ ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಸೇರಿ ಎರಡು ವರ್ಷವಾಯಿತು. ಹೆಂಗಸರ ಶೌಚಾಲಯಕ್ಕೆ ಒಂದು ಚಿಲಕ ಹಾಕಿಸಲು ನಾಲ್ಕು ಮೀಟಿಂಗ್ ಜಗಳವಾಡಿದವಳು. ಕಳೆದ ತಿಂಗಳು ಹಳೇ ಊರಿನ ಮನೆಮನೆಗೆ ಹೋಗಿ, ಪೊರೆಯ ಆಪರೇಷನ್‌ಗೆ ಹನ್ನೊಂದು ಹೆಂಗಸರ ಹೆಸರು ಬರೆಸಿದೆ. ಗೊತ್ತುಮಾಡಿದ ದಿನ ಒಬ್ಬಳೂ ಬರಲಿಲ್ಲ. ಕಣ್ಣಿನ ಡಾಕ್ಟರ್ ಧೃತಿ ಮಧ್ಯಾಹ್ನದವರೆಗೆ ಕಾದು, ಹೆಸರಿನ ಪಟ್ಟಿ ಮಡಿಸಿಟ್ಟರು. ನನಗೆ ತಲೆ ಎತ್ತಲಾಗಲಿಲ್ಲ. ಸಂಜೆ, ಹೆಸರು ಬರೆಸಿದ್ದ ಪಕ್ಕದ ಮನೆ ನಾರಾಯಣಮ್ಮನ ಬಾಗಿಲಲ್ಲಿ ನಿಂತು ಗದರಿದೆ. ಅವಳು ಸೊಪ್ಪು ಬಿಡಿಸುತ್ತಲೇ, "ನಿಮ್ ಕಣ್ಣಿಗೆ ಎಸಿ ಆಸ್ಪತ್ರೆ, ನಮ್ ಕಣ್ಣಿಗೆ ಮಾತ್ರ ಸರ್ಕಾರಿದಾ ಕೆಂಪಕ್ಕಾ? ಊರಬ್ಬದಲ್ಲಿ ನಿಮ್ಮನೆ ಆರತಿ ಎದ್ದೇಳ್ದೆ ನಾವು ಯಾವತ್ತಾದ್ರೂ ಹೊಸ್ಲು ದಾಟಿದ್ದೀವಾ?" ಎಂದಳು.

ನಿಜವೇ. ಊರಹಬ್ಬದಲ್ಲಿ ತಂಬಿಟ್ಟಿನ ಆರತಿ ಮೊದಲು ನಮ್ಮ ಮನೆಯಿಂದ ಹೊರಡಬೇಕು. ಉಳಿದವರು ಆಮೇಲೆ ಹಿಂದೆ ಬರುವುದು. ಆ ಮೊದಲ ಸ್ಥಾನದ ಜಂಬ ನಲವತ್ತು ವರ್ಷ ಪಟ್ಟವಳು, ಹೆದರಿಕೆಯಿರುವ ಕಡೆ ನಾನು ಹಿಂದೆ ನಿಂತು ಅವರನ್ನು ಮುಂದೆ ತಳ್ಳಿದೆ. ತಪ್ಪು ನನ್ನದು.

ಆ ಆಸ್ಪತ್ರೆಯಲ್ಲಿ ಕೊರತೆಯೇ ಇಲ್ಲವೆಂದು ಹೇಳುತ್ತಿಲ್ಲ. ಚೀಟಿ ಕೊಡುವವನು ಸಿಡುಕುತ್ತಾನೆ, ಲಿಫ್ಟ್ ಇವತ್ತಿಗೂ ಕೆಟ್ಟಿದೆ. ಅದನ್ನು ಬೈಯುವ ಹಕ್ಕು ನನಗಿದೆ, ಏಕೆಂದರೆ ಅಲ್ಲಿ ಹೋಗಿ ಸಾಲಿನಲ್ಲಿ ನಿಲ್ಲುವವಳು ನಾನು. ಹೊರಗಿನಿಂದಲೇ ಮೂಗು ಮುಚ್ಚಿಕೊಳ್ಳುವ ನಿನಗಿಲ್ಲ. ನೀನು ಹುಟ್ಟಿ ಮೊದಲು ಅತ್ತದ್ದೂ ಆ ಗೋಡೆಗಳೊಳಗೇ, ತಿಳಿದಿರಲಿ.

ಸೊಸೆ ಹೇಮಶ್ರೀಗೆ ನನ್ನ ಆಶೀರ್ವಾದ ತಿಳಿಸು. ಸಿಟ್ಟು ಮಾಡಿಕೊಂಡರೂ ಪರವಾಗಿಲ್ಲ, ಊಟ ಬಿಡಬೇಡ.

ನಿನ್ನ ಅಮ್ಮ,
ಕೆಂಪಮ್ಮ

ಹೇಳದೆ ಬಿಟ್ಟದ್ದು: ನನ್ನ ಆಪರೇಷನ್ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಜುಲೈ ಎರಡಕ್ಕೇ ಆಗಿಹೋಯಿತು. ಈ ಕಾಗದ ಬರೆದದ್ದು ಆ ಕಣ್ಣಿನಲ್ಲೇ, ಎಲ್ಲಾದರೂ ಸಾಲು ಸೊಟ್ಟಗಿದ್ದರೆ ತೋರಿಸು. ಮರುದಿನ ಬ್ಯಾಂಡೇಜ್ ಬಿಚ್ಚುವಾಗ ನಾರಾಯಣಮ್ಮ ಎದುರಿಗೆ ಬಂದು ಬೆರಳು ಎತ್ತಿ, "ಎಷ್ಟು ಹೇಳಿ ನೋಡೋಣ" ಎಂದಳು. "ಉಗುರಿನ ಕೊಳೆನೂ ಕಾಣ್ತಿದೆ, ಮೊದ್ಲು ಕೈ ತೊಳ್ಕೊ" ಎಂದೆ. ಇಪ್ಪತ್ತಮೂರಕ್ಕೆ ಅವಳ ಸರದಿ, ಅವಳ ಹಿಂದೆ ಉಳಿದ ಹತ್ತು ಜನ. ನೀನು ಅಂದು ಜಗಳಕ್ಕೆ ಬರುವುದಾದರೆ ಮನೆಗೆ ಬರಬೇಡ, ಆಸ್ಪತ್ರೆಗೇ ಬಾ.