ಮೇಲಿನ ವಾಸನೆ, ಕೆಳಗಿನ ವಾಸನೆ

ಮಾರ್ಚ್ 4, ಸೋಮವಾರ

ಅಣ್ಣ ಕ್ಲೀನ್. ಎಂದಿನಂತೆ ಬಾಗಿಲ ಬಳಿ ನಿಂತು ಉದ್ದಕ್ಕೆ "ಹಾ" ಎಂದ. ಮೇಲೆ ಟೂತ್‌ಪೇಸ್ಟು, ಕೆಳಗೆ ಖಾಲಿ ಹೊಟ್ಟೆ. ಬೇರೇನಿಲ್ಲ. ಅತ್ತಿಗೆ ನನ್ನ ಮುಖ ನೋಡಿದರು. ತಲೆಯಾಡಿಸಿದೆ. ಆಮೇಲೆಯೇ ಅವನ ಕೈಗೆ ಟೀ ಲೋಟ. ನಾನು ಪಾಸು ಮಾಡುವ ತನಕ ಟೀ ಕೊಡುವುದಿಲ್ಲ — ವಾಸನೆ ಮುಚ್ಚಿಹೋಗುತ್ತದೆ ಎಂದು. ಎರಡು ವರ್ಷದಿಂದ ಮನೆಯ ಕಾನೂನು.

"ಎಲ್ಲದರಲ್ಲೂ ಮೂಗು ತೂರಿಸಿ ಸಂಬಳ ತಗೊಳ್ಳೋನು ನೀನೊಬ್ನೇ ಕಣೋ," ಎಂದ ಅಣ್ಣ, ಶೂ ಲೇಸು ಕಟ್ಟುತ್ತ. ದಿನಾ ಇದೇ ಜೋಕು. ದಿನಾ ನಗುತ್ತೇನೆ.

ಮದ್ಯದ ಕಂಪನಿಯಲ್ಲಿ ವಾಸನೆ, ರುಚಿ ನೋಡುವುದು ನನ್ನ ಕೆಲಸ. ಆಫೀಸಿನಲ್ಲಿ ಇವತ್ತು ಆರು ಜಿನ್. ಎಲ್ಲವೂ ಒಳಗಿರುವುದಕ್ಕಿಂತ ಬಾಟಲಿಗೇ ಹೆಚ್ಚು ಖರ್ಚಾಗಿರುವಂಥವು. ಒಂದನೆಯದು: ಮೇಲೆ ನಿಂಬೆ ಸಿಪ್ಪೆ, ಕೆಳಗೆ ಒದ್ದೆ ರಟ್ಟು. ಎರಡನೆಯದು: ಆಸ್ಪತ್ರೆಯ ಕಾರಿಡಾರ್, ಆಗಷ್ಟೇ ನೆಲ ಒರೆಸಿದ್ದಾರೆ. ಮೂರನೆಯದರಲ್ಲಿ ಸೌತೆಕಾಯಿ ಇದೆಯಂತೆ. ಸೌತೆಕಾಯಿ ಸತ್ತು ಬಹಳ ದಿನವಾಗಿದೆ. ನಾಲ್ಕನೆಯದು ಪರವಾಗಿಲ್ಲ, ಅದಕ್ಕೇ ಅನುಮಾನ. ನನ್ನ ಜೊತೆ ರುಚಿ ನೋಡುವ ಗಂಟಲು ಆಸ್ಪತ್ರೆಗೆ ಪೂರ್ತಿ ಅಂಕ ಕೊಟ್ಟ. ನಾನು ಉಗುಳುತ್ತೇನೆ, ಅವನು ನುಂಗುತ್ತಾನೆ. ಅದಕ್ಕೇ ಆ ಹೆಸರು.

ನಡುನಡುವೆ ಮೊಣಕೈಯ ಮಡಿಕೆ ಮೂಸಬೇಕು. ಮೂಗು ದಣಿದಾಗ ನಮ್ಮದೇ ಮೈ ವಾಸನೆ ಅದಕ್ಕೆ ಸೊನ್ನೆ ಇದ್ದಂತೆ. ಅಲ್ಲಿಂದ ಮತ್ತೆ ಲೆಕ್ಕ ಶುರು. ಹದಿನಾಲ್ಕು ವರ್ಷದಿಂದ ನನ್ನ ಮೈಗೆ ಸೋಪಿಲ್ಲ, ಸೆಂಟಿಲ್ಲ. ಹೆಣ್ಣು ಸಿಗದಿರಲು ಅದೇ ಕಾರಣ ಎಂದು ಅತ್ತಿಗೆ ಹೇಳುತ್ತಾರೆ.

ಮಾರ್ಚ್ 7, ಗುರುವಾರ

ಅಣ್ಣ ಕ್ಲೀನ್.

ಮ್ಯಾನೇಜರ್ ಹೊಸ ಕೆಲಸ ತಂದರು. ಫ್ಲೇವರ್ ಹಾಕಿದ ವಿಸ್ಕಿ. ಅಗ್ಗದ್ದೇ. ಆದರೆ ಷರತ್ತು ಬೇರೆ.

"ಕುಡಿದೋನು ಮನೆಗೆ ಹೋಗ್ಬೇಕು. ಹೆಂಡ್ತಿ ಬಾಗಿಲು ತೆಗೀಬೇಕು. ಮಾತಾಡ್ಬೇಕು. ಏನೂ ಗೊತ್ತಾಗ್ಬಾರ್ದು. ಅಂಥದ್ದು ಮಾಡಿ."

"ಆಗೋದಿಲ್ಲ ಸಾರ್," ಎಂದೆ. ಬಾಯಿಯ ವಾಸನೆ ಮುಚ್ಚಬಹುದು. ಎದೆಯಿಂದ ಬರುವುದನ್ನು ಮುಚ್ಚಲಾಗದು, ಅದು ರಕ್ತದಿಂದ ಬರುತ್ತದೆ. ಉದ್ದ ಉಸಿರು ಬಿಡಿಸಿದರೆ ಸಿಕ್ಕಿಬೀಳುತ್ತಾರೆ.

"ಯಾವ ಹೆಂಡ್ತಿ ಬಾಗಿಲಲ್ಲಿ ನಿಲ್ಸಿ ಉದ್ದ ಉಸಿರು ಬಿಡಿಸ್ತಾಳೆ ಹೇಳಿ?" ಮ್ಯಾನೇಜರ್ ನಕ್ಕರು.

ನಮ್ಮ ಮನೆಯಲ್ಲಿ ಬಿಡಿಸುತ್ತಾರೆ ಎಂದು ಹೇಳಲಿಲ್ಲ. ಅಣ್ಣ ಕ್ರೇನ್ ನಡೆಸುವವನು. ಎರಡು ವರ್ಷದ ಹಿಂದೆ ಕುಡಿದು ಮೇಲೆ ಹತ್ತಿದ. ಕಬ್ಬಿಣದ ಕಂತೆ ಜಾರಿತು. ಕೆಳಗಿದ್ದ ಒಬ್ಬನ ಪಾದ ಹೋಯಿತು. ಬಿಟ್ಟುಬಿಡುತ್ತೇನೆಂದು ಅತ್ತು ಕರೆದು ಮತ್ತೆ ಕೆಲಸಕ್ಕೆ ಸೇರಿದ. ಆಗ ಅತ್ತಿಗೆ ಹೇಳಿದ್ದು — "ಇವರ ಆಣೆ ಪ್ರಮಾಣ ನಂಗೆ ಬೇಡ. ನಿನ್ನ ಮೂಗು ಹೂಂ ಅಂದ್ರೆ ಕಳಿಸ್ತೀನಿ." ಅವತ್ತಿನಿಂದ ನಾನು ಕಾವಲುಗಾರ.

ಮಾರ್ಚ್ 12, ಮಂಗಳವಾರ

ಪುದೀನ — ಬಾಯಲ್ಲಿ ಪುದೀನ ಬಂದರೆ ಏನನ್ನೋ ಮುಚ್ಚುತ್ತಿದ್ದಾನೆಂದೇ ಅರ್ಥ. ಚಕ್ಕೆ — ಕೆಮ್ಮಿನ ಔಷಧಿ. ಕಿತ್ತಳೆ — ಮಕ್ಕಳ ಮಾತ್ರೆ, ಕೆಳಗೆ ಪೇಂಟ್ ಥಿನ್ನರ್. ಜೇನು — ಗಂಟಲು ಎರಡು ಗ್ಲಾಸ್ ನುಂಗಿ "ಅಮೃತ" ಎಂದ. ಅವನಿಗೆ ಎಲ್ಲವೂ ಅಮೃತವೇ.

ಮ್ಯಾನೇಜರ್ ಮುಖ ಊದಿಸಿಕೊಂಡು ಹೋದರು. ನನಗೆ ಹಟ ಹತ್ತಿದೆ. ಸುಳ್ಳೇಕೆ, ಖುಷಿಯೂ ಆಗಿದೆ. ಬಹಳ ದಿನಗಳಿಂದ ಈ ಮೂಗಿಗೆ ಸರಿಯಾದ ಕೆಲಸವೇ ಸಿಕ್ಕಿರಲಿಲ್ಲ.

ಮಾರ್ಚ್ 15, ಶುಕ್ರವಾರ

ಸಿಕ್ಕಿತು! ಬೆಳಿಗ್ಗೆ ಅಣ್ಣನನ್ನು ಪಾಸು ಮಾಡಿ ಟೀ ಹೀರುತ್ತ ಕೂತಾಗ ಹೊಳೆಯಿತು. ಮುಚ್ಚುವುದೇ ತಪ್ಪು. ಎಲ್ಲರ ಬಾಯಲ್ಲೂ ಇರುವ ವಾಸನೆ ಬರಬೇಕು, ಅಷ್ಟೇ. ಟೀ! ಅದೂ ಒಳ್ಳೆಯ ಟೀ ಅಲ್ಲ, ಎರಡು ಸಲ ಕುದಿಸಿದ ಅಂಗಡಿ ಟೀ. ಸ್ವಲ್ಪ ಹಾಲಿನ ಕೆನೆ, ಸುಟ್ಟ ಸಕ್ಕರೆ.

ಮಧ್ಯಾಹ್ನ ಮಿಕ್ಸ್ ಮಾಡಿ ಗಂಟಲಿಗೆ ಕುಡಿಸಿ ಅಕೌಂಟ್ಸ್ ಹೆಂಗಸಿನ ಜೊತೆ ಮಾತಾಡಲು ಕಳಿಸಿದೆ. ಅವರು, "ಏನ್ರೀ, ನಮ್ಮನ್ನ ಬಿಟ್ಟು ಟೀ ಕುಡಿದು ಬಂದ್ರಾ?" ಎಂದು ಕೇಳಿದರಂತೆ.

ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು. ಮೇಲೆ ಟೀ. ಕೆಳಗೆ, ಬಹಳ ಕೆಳಗೆ, ಕೊಳೆತ ಪೇರಳೆಯ ಒಂದು ಎಳೆ — ನಮ್ಮ ಅಗ್ಗದ ಸ್ಪಿರಿಟ್‌ನದು. ನನಗೊಬ್ಬನಿಗೇ ಗೊತ್ತಾಗುತ್ತದೆ. ಹಾಗೇ ಬಿಟ್ಟೆ. ಮಾಡಿದವನ ಸಹಿ ಇರಲಿ.

ಮಾರ್ಚ್ 28, ಗುರುವಾರ

ಎರಡು ವಾರ ಬರೆಯಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಟೀ ವಿಸ್ಕಿಯೇ. ಅಣ್ಣ ಎಲ್ಲ ದಿನವೂ ಕ್ಲೀನ್.

ಮೊದಲ ಬಾಟಲಿಗಳು ಅಂಗಡಿಗೆ ಹೋದವು. ಟ್ರಯಲ್‌ಗೆ ಒಂದೇ ಏರಿಯಾ — ದೊಡ್ಡ ಕಟ್ಟಡಗಳು ಏಳುತ್ತಿರುವ ಕಡೆ. "ನಮ್ಮ ಗಿರಾಕಿಗಳು ಅಲ್ಲೇ ಇದಾರೆ," ಎಂದರು ಮ್ಯಾನೇಜರ್. ಅಣ್ಣನ ಸೈಟೂ ಅಲ್ಲೇ. ಬೇರೆ ಏರಿಯಾ ನೋಡಿ ಎನ್ನಬೇಕೆಂದುಕೊಂಡೆ. ಏಕೆ ಎಂದು ಕೇಳಿದರೆ ಏನು ಹೇಳಲಿ? ಮುಂದಿನ ಸ್ಯಾಂಪಲ್ ಮೂಸಿದೆ.

ಏಪ್ರಿಲ್ 10, ಬುಧವಾರ

ಅಣ್ಣ "ಹಾ" ಎಂದಾಗ ಟೀ ವಾಸನೆ ಬಂತು. ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದಾನೆ ಈಗ, ಹೊಟ್ಟೆ ಕರಗಿಸಲು. ಅಂಗಡಿಯಲ್ಲಿ ಕುಡಿದಿರಬೇಕು. ಅತ್ತಿಗೆ ಬೈದರು. ಮೊಣಕೈ ಮೂಸಿ ಮತ್ತೆ ನೋಡೋಣವೆಂದರೆ — ನನ್ನ ತೋಳೇ ಟೀ ವಿಸ್ಕಿ ನಾರುತ್ತಿದೆ! ಅಂಗಿ, ಮೀಸೆ, ಉಗುರು, ಎಲ್ಲ. ಸೊನ್ನೆಯೇ ಕೆಟ್ಟುಹೋಗಿದೆ. ನನ್ನದೇ ವಾಸನೆಯನ್ನು ಪಾಪ ಅವನ ತಲೆಗೆ ಕಟ್ಟುತ್ತಿದ್ದೆ. ಕ್ಲೀನ್ ಎಂದೆ.

ಏಪ್ರಿಲ್ 14, ಭಾನುವಾರ

ಮೀಸೆ ಬೋಳಿಸಿದೆ. ಬಟ್ಟೆಯೆಲ್ಲ ಕುದಿಸಿ ಒಗೆದೆ. ಶುಕ್ರವಾರವೇ ಜ್ವರವೆಂದು ಸುಳ್ಳು ಹೇಳಿ ರಜೆ ಹಾಕಿದ್ದೆ. ಮೂರು ದಿನ ಒಂದು ಹನಿ ಮುಟ್ಟಿಲ್ಲ. ಅತ್ತಿಗೆ ನನ್ನ ಮುಖ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ಅಯ್ಯೋ, ಮೂಗಿಗೆ ನೆರಳೇ ಇಲ್ದಂಗಾಯ್ತಲ್ಲೋ!" ಎರಡು ವರ್ಷದಿಂದ ಹೀಗೆ ನಕ್ಕಿರಲಿಲ್ಲ. ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದರು.

ತೋಳು ಮೂಸಿದೆ. ಬರೀ ನಾನು. ಸೊನ್ನೆ ವಾಪಸ್ ಬಂದಿದೆ.

ಏಪ್ರಿಲ್ 15, ಸೋಮವಾರ

ಮೇಲೆ ಟೀ. ಕೆಳಗೆ ಕೊಳೆತ ಪೇರಳೆ.

ನನ್ನ ತೋಳಿನದಲ್ಲ. ಅವನದೇ. ಎದೆಯಿಂದ ಬಂದದ್ದು.

ಅತ್ತಿಗೆ ಅಡುಗೆಮನೆಯಲ್ಲಿ ಡಬ್ಬಿ ಕಟ್ಟುತ್ತಿದ್ದರು. ಅಣ್ಣ ನನ್ನ ರಟ್ಟೆ ಹಿಡಿದು ಮೆಟ್ಟಿಲ ಬಳಿ ಎಳೆದುಕೊಂಡು ಹೋದ.

"ಒಂದೇ ಒಂದು ಸಲ ಕಣೋ. ನೀನು ಮಾಡಿದ್ದು ಅಂತ ಬಾಟ್ಲಿ ನೋಡಿದ ಕೂಡ್ಲೆ ಗೊತ್ತಾಯ್ತು. ನನ್ ತಮ್ಮ ಏನು ಮಾಡಿದಾನೆ ನೋಡೋಣ ಅನ್ನಿಸ್ತು, ಅಷ್ಟೇ." ಆಮೇಲೆ, ಮುಖ ನೋಡದೆ, "ಚೆನ್ನಾಗಿ ಮಾಡಿದೀಯ."

ಯಾರು ಹೊಗಳಿದರೂ ಇಷ್ಟು ನೋವಾಗಿರಲಿಲ್ಲ.

"ಇವತ್ತು ಮೇಲೆ ಹತ್ತಬೇಡ," ಎಂದೆ.

"ಇವತ್ತು ಲೋಡೇ ಇಲ್ಲ, ಗ್ರೀಸ್ ಹಚ್ಚೋ ಕೆಲ್ಸ ಅಷ್ಟೇ. ಅವಳಿಗೆ ಹೇಳಬೇಡ. ಈಗ ತಾನೇ ನಗ್ತಿದಾಳೆ."

ಅತ್ತಿಗೆ ಡಬ್ಬಿ ಹಿಡಿದು ಬಂದರು. ನನ್ನ ಮುಖ ನೋಡಿದರು. ಕ್ಲೀನ್ ಎಂದೆ.

ಏಪ್ರಿಲ್ 16, ಮಂಗಳವಾರ

ಕ್ಲೀನ್. ನಿಜವಾಗಿಯೂ. ದೇವರು ದೊಡ್ಡವನು.

ಏಪ್ರಿಲ್ 19, ಶುಕ್ರವಾರ

ಅವನು ಉಸಿರು ಬಿಟ್ಟ. ನಾನು ಎಳೆದುಕೊಳ್ಳಲೇ ಇಲ್ಲ. ಉಸಿರು ಕಟ್ಟಿ ನಿಂತು, ಕ್ಲೀನ್ ಎಂದೆ. ಎಳೆದುಕೊಳ್ಳದಿದ್ದರೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೆ ಸುಳ್ಳಲ್ಲ. ಎಂಥ ನಾಯಿಬುದ್ಧಿ ನನ್ನದು.

ಹೇಳಬೇಕು. ಹೇಳಿದರೆ ಅತ್ತಿಗೆ ಕೇಳುತ್ತಾರೆ — ಟೀ ವಾಸನೆ ಬರುವ ಈ ಹಾಳು ವಿಸ್ಕಿಯನ್ನು ಯಾವ ಪಾಪಿ ಮಾಡಿದ?

ಆಫೀಸಿನಲ್ಲಿ ಮ್ಯಾನೇಜರ್ ಎಲ್ಲರಿಗೂ ಸ್ವೀಟ್ ಹಂಚಿದರು. ಟ್ರಯಲ್ ಏರಿಯಾದಲ್ಲಿ ಸ್ಟಾಕ್ ಖಾಲಿ.

ಮೇ 2, ಗುರುವಾರ, ಬೆಳಿಗ್ಗೆ 7

ಇವತ್ತು ಎಳೆದುಕೊಂಡೆ. ಬೇಕೆಂದೇ. ಎರಡು ವಾರದಿಂದ ಉಸಿರು ಕಟ್ಟಿ ಕಟ್ಟಿ ಸಾಕಾಗಿತ್ತು. ಜೋರಾಗಿ ಬಂತು. ಒಂದೆರಡು ಗುಟುಕಿನದಲ್ಲ. ಕಣ್ಣಂಚು ಕೆಂಪು. "ಲೇಟಾಯ್ತು, ಇವತ್ತು ಸ್ಲ್ಯಾಬ್ ಎತ್ತೋದಿದೆ," ಎನ್ನುತ್ತ ಹೆಲ್ಮೆಟ್ ಹುಡುಕುತ್ತಿದ್ದ. ಅತ್ತಿಗೆ ಕೇಳಿದರು, "ಏನಂತು ಮೂಗು?"

ಕ್ಲೀನ್ ಎಂದೆ. ಸಂಜೆ ಬಂದ ಕೂಡಲೇ ಇಬ್ಬರನ್ನೂ ಕೂರಿಸಿ ಹೇಳಿಬಿಡುತ್ತೇನೆ. ಇವತ್ತು ಖಂಡಿತ.

ಸಂಜೆ

ಸ್ಲ್ಯಾಬ್ ಬಿತ್ತು. ಕೆಳಗೆ ನಿಂತು ಕೈಸನ್ನೆ ಮಾಡುವ ಸಿಗ್ನಲ್‌ನವನು ಹೋದ. ಅಲ್ಲೇ.

ಅಣ್ಣ ಬಹಳ ಹೊತ್ತು ಕ್ಯಾಬಿನ್ನಿನಿಂದ ಇಳಿಯಲಿಲ್ಲವಂತೆ. ಇಳಿದ ಮೇಲೆ ಎಂಜಿನಿಯರ್ ಮಾತಾಡಿಸಿದರಂತೆ, ಹತ್ತಿರ ನಿಂತು. ಟೀ ವಾಸನೆ ಬಿಟ್ಟು ಏನೂ ಇರಲಿಲ್ಲ ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದರು. ಅತ್ತಿಗೆ ಫೋನಿನಲ್ಲೇ, "ನಮ್ಮ ಮೈದುನ ಬೆಳಿಗ್ಗೆ ನೋಡೇ ಕಳಿಸಿದ್ದು ಸಾರ್. ಅವನ ಮೂಗು ತಪ್ಪೋದಿಲ್ಲ," ಎಂದರು. ಹೇಳುತ್ತ ನನ್ನ ತಲೆ ಸವರಿದರು.

ಮೇ 4, ಶನಿವಾರ

ಸಿಗ್ನಲ್‌ನವನದೇ ತಪ್ಪು ಎಂದು ಸೈಟಿನಲ್ಲಿ ತೀರ್ಮಾನವಾಗಿದೆ. ತಪ್ಪು ಸನ್ನೆ ಮಾಡಿದನಂತೆ. ಕುಡಿದಿದ್ದನಂತೆ. ಅಂಗಿಯೆಲ್ಲ ವಿಸ್ಕಿ ನಾರುತ್ತಿತ್ತು ಎಂದು ಯಾರೋ ಹೇಳಿದರಂತೆ. ಸತ್ತವನು ಎದ್ದು ಬಂದು ಉಸಿರು ಬಿಟ್ಟು ತೋರಿಸುತ್ತಾನೆಯೇ?

ಎಂಜಿನಿಯರ್ ನನ್ನ ಹೇಳಿಕೆಯನ್ನೂ ಕೇಳಿದ್ದಾರೆ. ಮಂಗಳವಾರ ಬನ್ನಿ ಎಂದಿದ್ದಾರೆ. ಅಣ್ಣ ರೂಮಿನಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಾನೆ.

ಊಟ ಸೇರುತ್ತಿಲ್ಲ. ಅತ್ತಿಗೆ, "ನೀನ್ಯಾಕೋ ಕೊರಗ್ತೀಯಾ, ನೀನೇನ್ ಮಾಡಿದೀಯಾ?" ಎನ್ನುತ್ತಾರೆ.

ಮೇ 6, ಸೋಮವಾರ

ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಸಣ್ಣ ಮೈಕಟ್ಟು, ಚಪ್ಪಲಿ ಹೊರಗೆ ಜೋಡಿಸಿ ಇಟ್ಟರು. ಸಿಗ್ನಲ್‌ನವನ ಹೆಂಡತಿ. ಅತ್ತಿಗೆ ಕುರ್ಚಿ ಎಳೆದು ಕೂರಿಸಿದರು. "ಹಾಲು ಒಡೆದುಹೋಯ್ತು, ಬೆಳಿಗ್ಗೆಯಿಂದ ಟೀ ಮಾಡೋಕೂ ಆಗಿಲ್ಲ," ಎಂದು ನೀರು ಕೊಟ್ಟರು. ಆಕೆ ಕುಡಿಯಲಿಲ್ಲ. ಬ್ಯಾಗಿನಿಂದ ಗಂಟು ಹಾಕಿದ ಪ್ಲಾಸ್ಟಿಕ್ ಕವರ್ ತೆಗೆದರು.

"ಇಲ್ಲಿ ವಾಸನೆ ನೋಡಿ ಹೇಳೋರು ಯಾರೋ ಇದಾರಂತಲ್ಲ. ಅವ್ರ ಮಾತು ಸೈಟಲ್ಲಿ ಎಲ್ರೂ ನಂಬ್ತಾರಂತೆ."

ಅತ್ತಿಗೆ ನನ್ನ ಕಡೆ ಕೈ ತೋರಿಸಿದರು.

"ಇದು ಅವ್ರು ಅವತ್ತು ಹಾಕ್ಕೊಂಡಿದ್ದ ಅಂಗಿ. ಒಗ್ದಿಲ್ಲ. ನಮ್ಮನೆಯವ್ರು ಒಂದಿನವೂ ಕುಡಿದೋರಲ್ಲ. ಮಕ್ಕಳಿಗೆ ಸ್ಕೂಲಲ್ಲಿ ಕುಡುಕನ ಮಕ್ಕಳು ಅಂತಿದಾರೆ. ನೀವು ನೋಡಿ ಹೇಳಿ. ಏನಿದ್ರೂ ಹೇಳಿ, ಕೇಳಿಸ್ಕೋತೀನಿ."

ಆಕೆಯೇ ಗಂಟು ಬಿಚ್ಚಿ ಕೊಟ್ಟರು. ಮೊದಲು ಮೊಣಕೈ ಮೂಸಿದೆ, ಅಭ್ಯಾಸ. ಆಮೇಲೆ ಅಂಗಿ. ಮೇಲೆ ಸಿಮೆಂಟು, ಗ್ರೀಸು. ಕೆಳಗೆ ಬೆವರು, ಬಟ್ಟೆ ಸೋಪು, ರಕ್ತ. ಕಾಲರಿನಲ್ಲಿ ಮಗುವಿನ ಪೌಡರು. ಯಾವುದೋ ಮಗು ಅವತ್ತು ಬೆಳಿಗ್ಗೆ ಕುತ್ತಿಗೆಗೆ ಜೋತುಬಿದ್ದಿದೆ. ಕಾಲರಿನಿಂದ ಮೂಗು ತೆಗೆಯಲಾಗಲಿಲ್ಲ. ಅತ್ತುಬಿಟ್ಟೆ.

"ಏನೂ ಇಲ್ಲ. ಇವರು ಕುಡಿದಿರಲಿಲ್ಲ," ಎಂದೆ.

ಆಕೆ ಅಂಗಿ ಇಸಿದುಕೊಂಡು ಮಡಚತೊಡಗಿದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರು. ರೂಮಿನ ಬಾಗಿಲು ತೆರೆಯಿತು. ಅಣ್ಣ ಚೌಕಟ್ಟು ಹಿಡಿದು ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತ.

"ನಾನೇನೂ ಸುಳ್ಳು ಹೇಳ್ತಿಲ್ಲ ಕಣಮ್ಮ. ಅವನೇ ಕೈ ಎತ್ತಿದ, ನಾನು ನೋಡ್ದೆ..."

ಅತ್ತಿಗೆ ನಿಧಾನಕ್ಕೆ ಅವನ ಕಡೆ ಮುಖ ತಿರುಗಿಸಿದರು.

"ನೀವು ಟೀ ಎಲ್ಲಿ ಕುಡಿದ್ರಿ?"

ಅಣ್ಣ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಬೆಳಿಗ್ಗೆಯಿಂದ ಅವನು ಆ ರೂಮು ಬಿಟ್ಟು ಹೊರಬಂದಿಲ್ಲ. ಅತ್ತಿಗೆ ಒಳಗೆ ಹೋದರು. ಹಾಸಿಗೆ ಎಳೆದ ಸದ್ದು. ಬಾಟಲಿ ಹಿಡಿದು ಬಂದರು. ಮುಚ್ಚಳ ತೆಗೆದು ಮೂಸಿ ನೋಡಿದರು. ಲೇಬಲ್ಲಿನ ಮೇಲಿನ ನಮ್ಮ ಕಂಪನಿಯ ಹೆಸರು ಓದಿದರು. ಅದನ್ನು ಆ ಹೆಂಗಸಿನ ಮುಂದೆಯೇ ಮೇಜಿನ ಮೇಲಿಟ್ಟು ನನ್ನೆದುರು ಬಂದು ನಿಂತರು.

"ಅವತ್ತು ಬೆಳಿಗ್ಗೆ ಏನು ಬಂತು? ಕ್ಲೀನ್ ಅನ್ಬೇಡ. ನಿಮ್ಮ ಆಫೀಸಲ್ಲಿ ಹೆಂಗೆ ಹೇಳ್ತೀಯೋ ಹಂಗೆ ಹೇಳು."

ಆ ಹೆಂಗಸು ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಮೇಲೆ ಟೀ, ಎಂದೆ. ಕೆಳಗೆ —