ಮೂತಿ ಸವೆದ ಜಿಂಕೆ

ಮ್ಯಾಟ್‌ಲಾಕ್
೧೪ ನವೆಂಬರ್ ೧೯೮೯

ಪ್ರೀತಿಯ ಮೇವಿಸ್ ಅಕ್ಕ,

ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೆ, ಧೂಳು ಒರೆಸುವಾಗೆಲ್ಲ ಕಣ್ಣಿಗೆ ಬೀಳುತ್ತಿತ್ತು. ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಕೈ ಓಡುವುದಿಲ್ಲ, ಈ ವರ್ಷ ಯಾಕೋ ಎದ್ದರೂ ದಣಿವು, ಕೂತರೂ ದಣಿವು. ನಿನ್ನ ಮಂಡಿ ಹೇಗಿದೆ? ಒಂದು ತುಂಡು ಮೀನಿಗೋಸ್ಕರ ಆ ವಿಟ್ಬಿಯ ಮೆಟ್ಟಿಲುಗಳನ್ನೆಲ್ಲ ಇಳಿದು ಹತ್ತಬೇಡ. ಮೀನಿನವನೇ ಬರಲಿ, ಅವನಿಗೇನು ಧಾಡಿ?

ಇಲ್ಲಿ ಎಲ್ಲ ಮೊದಲಿನ ಹಾಗೇ. ವಿಲ್ಫ್ರೆಡ್ ತನ್ನ ಬಿಲ್ಲೆಗಳ ಜೊತೆ, ನಾನು ವಿಲ್ಫ್ರೆಡ್ ಜೊತೆ. ಹಳೆಯ ಸಿಪಾಯಿ ಟೋಪಿಗಳ ಬಿಲ್ಲೆ ಕೂಡಿಡುವ ಹುಚ್ಚು ನನ್ನ ಗಂಡನಿಗೆ ಹಿಡಿದು ಹದಿನೇಳು ವರ್ಷವಾಯಿತು. ಮಲಗುವ ಕೋಣೆಯ ಬೀರುವಿನಲ್ಲಿ ನನ್ನ ಸ್ವೆಟರುಗಳಿಗೆ ಒಂದೇ ಖಾನೆ, ಉಳಿದದ್ದೆಲ್ಲ ಎಂದೋ ಮುಚ್ಚಿಹೋದ ಪಡೆಗಳಿಗೆ. ಹಿತ್ತಾಳೆಯ ಹುಲಿ, ಸಿಂಹ, ತುತ್ತೂರಿ, ಒಂದೊಂದಕ್ಕೂ ಹತ್ತಿಯ ಹಾಸಿಗೆ. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಕೈಗವಸು ಹಾಕಿಕೊಳ್ಳಬೇಕು. ಈಗಿನ ಬಿಲ್ಲೆಗಳನ್ನು ಮಾತ್ರ ಅವನು ಕೊಳ್ಳುವುದಿಲ್ಲ. "ಅಲ್ಯೂಮಿನಿಯಂ ತಗಡು, ಮೇಲೆ ಚಿನ್ನದ ಬಣ್ಣ. ಹುಡುಗರು ಪಾಲಿಶ್ ಹಾಕೋ ಕಷ್ಟ ತಪ್ಪಲಿ ಅಂತ ಮಾಡಿದ್ದು. ಉಜ್ಜಿದ್ರೆ ಬಣ್ಣಾನೇ ಹೋಗತ್ತೆ" ಎಂದು ಮೂಗು ಮುರಿಯುತ್ತಾನೆ. ಒಂದು ಪುಟ್ಟ ಪೆಟ್ಟಿಗೆಯ ಬೀಗದ ಕೈ ಯಾವಾಗಲೂ ಅವನ ಜೇಬಿನಲ್ಲೇ ಇರುತ್ತದೆ. ಅದರ ಮಾತು ನಾನು ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ.

ಹೋದ ತಿಂಗಳು ಚೆಸ್ಟರ್‌ಫೀಲ್ಡಿನ ಚರ್ಚ್ ಹಾಲಿನಲ್ಲಿ ಸಂಗ್ರಾಹಕರ ಸಂತೆ ಇತ್ತು. ನಮ್ಮ ಮೇಜು ಚಹಾದ ಹಂಡೆಯ ಪಕ್ಕ. ವಿಲ್ಫ್ರೆಡ್ ಮಾರುವುದು ಕಡಿಮೆ. ಜನ ತಂದ ಬಿಲ್ಲೆ ಅಸಲಿಯೋ ನಕಲಿಯೋ ಎಂದು ಹೇಳುವುದೇ ಅವನ ಕೆಲಸ, ಅಲ್ಲಿ ಅವನು ಹೇಳಿದ್ದೇ ವೇದವಾಕ್ಯ. ಬೆಳಿಗ್ಗೆಯೇ ಒಬ್ಬ ದಪ್ಪ ಮನುಷ್ಯನ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಯುದ್ಧಾನೂ ನೋಡಿಲ್ಲ ಕಣಯ್ಯ, ಬರ್ಮಿಂಗ್‌ಹ್ಯಾಮಿನ ಯಾವನದೋ ಹಿತ್ತಲು ನೋಡಿದೆ ಅಷ್ಟೆ. ಹಳೇ ಅಚ್ಚು, ಹೊಸಾ ತಗಡು" ಎಂದು ವಾಪಸು ಕೊಟ್ಟ. ಸುತ್ತ ನಿಂತವರು ನಕ್ಕರು, ಅವನಿಗೆ ಉಮೇದು ಬಂತು. ಉಮೇದು ಬಂದ ದಿನ ಅವನ ಬಾಯಿಗೆ ನಾನು ಹೆದರುತ್ತೇನೆ.

ಮಧ್ಯಾಹ್ನ ಒಬ್ಬ ವಯಸ್ಸಾದ ಹೆಂಗಸು ಬಂದಳು. ಹೆಸರು ಗ್ಲ್ಯಾಡಿಸ್ ಒಲ್ಲರ್ಟನ್, ಮದುವೆಯಾದವಳಲ್ಲ. ಕರವಸ್ತ್ರ ಬಿಚ್ಚಿ ಒಂದು ಬಿಲ್ಲೆ ಇಟ್ಟಳು. ಎಲೆಗಳ ಹಾರದ ನಡುವೆ ಮಲಗಿದ ಜಿಂಕೆ, ನಮ್ಮ ಕಡೆಯ ಹಳೆಯ ಕಾಲಾಳು ಪಡೆಯದು.

"ನನ್ನ ತಮ್ಮ ಸಿರಿಲ್‌ದು" ಎಂದಳು. "ಮುಂದಿನ ತಿಂಗಳು ನಾನು ವೃದ್ಧಾಶ್ರಮಕ್ಕೆ ಹೋಗ್ತೀನಿ. ನನ್ನ ಕಾಲಾನಂತರ ಇದು ಯಾರದೋ ಕಸದ ಡಬ್ಬಿ ಸೇರಬಾರದು. ಪಡೆಯ ಮ್ಯೂಸಿಯಂನೋರನ್ನ ಕೇಳಿದೆ. ಅಸಲಿ ಅಂತ ತಿಳಿದವರಿಂದ ಒಂದು ಚೀಟಿ ತಂದ್ರೆ ಇಟ್ಕೋತೀವಿ ಅಂದ್ರು."

ವಿಲ್ಫ್ರೆಡ್ ಭೂತಗನ್ನಡಿ ಹಿಡಿದ. ಜಿಂಕೆಯ ಮೂತಿ, ಕೊಂಬು ಎಲ್ಲ ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ಸವೆದು ನುಣ್ಣಗಾಗಿದ್ದವು. ತಿರುಗಿಸಿದ. ಟೋಪಿಗೆ ಸಿಗಿಸುವ ಹಿಂದಿನ ಪಟ್ಟಿ ನೆಟ್ಟಗಿತ್ತು, ಒಂದು ಗೀರೂ ಇರಲಿಲ್ಲ.

"ಮೇಡಂ, ಟೋಪಿಗೆ ಹಾಕಿ ತೆಗೆದು ಮಾಡಿದ್ರೆ ಈ ಪಟ್ಟಿ ಬಗ್ಗತ್ತೆ, ಗೀಚತ್ತೆ. ಇದು ಒಂದು ದಿನಾನೂ ಟೋಪಿ ಕಂಡಿಲ್ಲ. ಮೋರೆ ಮುದುಕಂದು, ಬೆನ್ನು ಹಸುಗೂಸಿಂದು. ಹಳೇದಾಗಿ ಕಾಣ್ಲಿ ಅಂತ ಯಾರೋ ಕೂತ್ಕೊಂಡು ಉಜ್ಜಿದಾರೆ." ಅಷ್ಟಕ್ಕೆ ನಿಲ್ಲಿಸಬಾರದೇ? ಸುತ್ತಲಿನವರ ಕಡೆ ನೋಡಿ, "ನಿಮಗೆ ಟೋಪಿ ಹಾಕಿದಾರೆ" ಎಂದ. ಮತ್ತೆ ನಗು.

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. "ಹೌದು, ಕೂತ್ಕೊಂಡೇ ಉಜ್ಜಿದ್ದು. ನಮ್ಮಮ್ಮ" ಎಂದಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಮೊದಲ ಕೆಲವು ವಾರ ಒಂದೇ ತೆರನ ಬಿಲ್ಲೆ. ಆಮೇಲೆ ಯಾವ ಪಡೆಗೆ ಹಾಕುತ್ತಾರೋ ಅದರದು. ಸಿರಿಲ್‌ಗೆ ಜಿಂಕೆ ಸಿಕ್ಕಿದ ದಿನವೇ ರಜೆಯೂ ಸಿಕ್ಕಿತಂತೆ. ಮೊದಲ ಪಾಲಿಶ್ ಅಮ್ಮನ ಕೈಯಲ್ಲೇ ಆಗಲಿ ಎಂದು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ರೈಲು ನಿಲ್ದಾಣಕ್ಕೆ ಅವನನ್ನು ತರುತ್ತಿದ್ದ ಲಾರಿ ಮಗುಚಿತು.

"ಜೇಬಲ್ಲಿತ್ತು ಅಂತ ಕಳಿಸಿದ್ರು. ಪ್ರತಿ ಭಾನುವಾರ ಊಟ ಆದ್ಮೇಲೆ ಅಮ್ಮ ಉಜ್ಜೋರು, ಸಾಯೋವರೆಗೂ. ಮುಂದುಗಡೆ ಮಾತ್ರ. ಹಿಂದುಗಡೆ ಯಾರ ಕಣ್ಣಿಗೆ ಬೀಳತ್ತೆ ಹೇಳಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಮೇಜುಗಳ ಕಡೆ ಜಾರಿದರು. ವಿಲ್ಫ್ರೆಡ್ ಕೈಗವಸು ಕಳಚುತ್ತಿದ್ದ, ಹಾಕುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಗ್ಲ್ಯಾಡಿಸ್‌ಗೆ ಕುರ್ಚಿ ಕೊಟ್ಟು ಚಹಾ ತಂದೆ.

"ನಿಮಗೆ ಮಕ್ಕಳು?" ಎಂದಳು.

"ಒಬ್ಬ ಇದ್ದ" ಎಂದೆ. ಅವಳು ನನ್ನ ಕೈ ತಟ್ಟಿ, ಸಕ್ಕರೆ ಹಾಕಿಕೊಂಡಳು.

ಅಷ್ಟರಲ್ಲಿ ವಿಲ್ಫ್ರೆಡ್ ಚೀಟಿ ಬರೆದು ತಂದಿದ್ದ. "ಅಸಲಿ. ಟೋಪಿಗೆ ಹಾಕಿದ್ದಲ್ಲ. ಸವೆತ ತಾಯಿಯ ಕೈಯಿಂದ ಆದದ್ದು." ಕೆಳಗೆ ಪೂರ್ತಿ ಹೆಸರಿನ ಸಹಿ. "ತಪ್ಪಾಯ್ತು, ಮಿಸ್ ಒಲ್ಲರ್ಟನ್" ಎಂದ, ಅವನ ಧ್ವನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಕಾರಿನಲ್ಲಿ ಚೆನ್ನಾಗಿ ಬೈಯಬೇಕೆಂದುಕೊಂಡಿದ್ದೆ. ಅವನು ದಿನಾ ಹೋಗುವ ತಿರುವನ್ನೇ ತಪ್ಪಿಸಿದ. ಬೈಯಲಿಲ್ಲ.

ಹೋದ ವಾರ ಗ್ಲ್ಯಾಡಿಸ್ ಫೋನ್ ಮಾಡಿದ್ದಳು. ಮ್ಯೂಸಿಯಂನವರು ತೆಗೆದುಕೊಂಡರಂತೆ. ಗಾಜಿನ ಕಪಾಟಿನಲ್ಲಿ ಜಾಗವಿಲ್ಲ, ಡ್ರಾಯರ್‌ನಲ್ಲಿ ಇಡುತ್ತಾರೆ, ಆದರೆ ಹೆಸರು ಬರೆದು ಇಡುತ್ತಾರೆ. "ಡ್ರಾಯರ್ ಆದ್ರೇನು ಬಿಡಿ" ಎಂದಳು, "ಅಂತೂ ಅವನ ಪಡೆಯೋರ ಜೊತೆ ಸೇರ್ಕೊಂಡ."

ಕತ್ತಲಾಗುತ್ತಿದೆ, ಒಲೆಯ ಮೇಲೆ ಆಲೂಗಡ್ಡೆ ಇದೆ. ಕ್ರಿಸ್‌ಮಸ್‌ಗೆ ಕಡುಬು ಕಳಿಸುತ್ತೇನೆ, ಒಬ್ಬಳೇ ಎಲ್ಲ ತಿನ್ನಬೇಡ, ಪಕ್ಕದ ಮನೆಯವರಿಗೂ ಕೊಡು. ಮಂಡಿಗೆ ಉಣ್ಣೆಯ ಪಟ್ಟಿ ಸುತ್ತಿಕೋ. ದೇವರು ನಿನ್ನನ್ನು ಬೆಚ್ಚಗೆ ಇಟ್ಟಿರಲಿ.

ನಿನ್ನ ತಂಗಿ,
ಎನಿಡ್

ತಾ.ಕ.: ಮರೆತಿದ್ದಲ್ಲ ಅಕ್ಕ, ಬರೆಯಲು ಧೈರ್ಯ ಸಾಲದೆ ಸಹಿ ಹಾಕಿಬಿಟ್ಟೆ. ಮೊನ್ನೆ ಭಾನುವಾರ, ಸತ್ತ ಸಿಪಾಯಿಗಳ ಹೆಸರಿನ ಪ್ರಾರ್ಥನೆ ಮುಗಿಸಿ ಬಂದು ಊಟ ಮಾಡಿದೆವು. ವಿಲ್ಫ್ರೆಡ್ ಆ ಪುಟ್ಟ ಪೆಟ್ಟಿಗೆಯನ್ನು ತಂದು ಅಡಿಗೆಮನೆಯ ಮೇಜಿನ ಮೇಲೆ ನನ್ನ ಮುಂದೆ ತೆರೆದಿಟ್ಟ. ನಮ್ಮ ಕಾಲಿನ್‌ನ ಬಿಲ್ಲೆ, ಅದೇ ಚಿನ್ನದ ಬಣ್ಣದ ಅಲ್ಯೂಮಿನಿಯಂ ತಗಡು. ಬೆಲ್‌ಫಾಸ್ಟ್‌ನ ಗಲಭೆಯಲ್ಲಿ ಸತ್ತ ಮಗನ ಬಟ್ಟೆಗಳು ಬಂದ ದಿನ ನೋಡಿದ್ದೆ, ಆಮೇಲೆ ನೋಡಿರಲಿಲ್ಲ. ಪಕ್ಕದಲ್ಲಿ ಒಂದು ಮೆತ್ತನೆಯ ಬಟ್ಟೆ ಇಟ್ಟು, "ಕೈಗವಸು ಬೇಡ, ಎನಿಡ್. ನೀನು ಉಜ್ಜು" ಎಂದು ಹಿತ್ತಲಿಗೆ ಹೋಗಿ ಬೆನ್ನು ಹಾಕಿ ನಿಂತ.

ಅದರಲ್ಲಿ ಉಜ್ಜಲು ಏನಿದೆ ಎಂದು ಅವನಿಗೆ ಗೊತ್ತಿಲ್ಲವೇ? ಒಂದು ಕಲೆಯಿಲ್ಲ, ಒಂದು ಚುಕ್ಕೆ ಮಸಿಯಿಲ್ಲ. ಬಂದ ದಿನ ಹೇಗೆ ಹೊಳೆಯುತ್ತಿತ್ತೋ ಹಾಗೇ ಹೊಳೆಯುತ್ತಿದೆ. ಸಿರಿಲ್‌ನ ತಾಯಿಗೆ ಸಾಯುವ ತನಕ ಭಾನುವಾರದ ಕೆಲಸವೊಂದಿತ್ತು. ನನಗೆ ಅದನ್ನೂ ಉಳಿಸಿಲ್ಲ. ಅವಳ ಮೇಲೆ ಹೊಟ್ಟೆಕಿಚ್ಚು ಬಂತು ಅಕ್ಕ, ಎಂದೋ ಸತ್ತುಹೋದ ಆ ಹೆಂಗಸಿನ ಮೇಲೆ.

ಬಿಲ್ಲೆಯನ್ನು ಎಡಗೈಯಲ್ಲಿ ಮುಚ್ಚಿ ಹಿಡಿದು, ಆ ಬಟ್ಟೆಯಲ್ಲಿ ಮೇಜು ಒರೆಸಿದೆ. ತುಂಬ ಹೊತ್ತು ಒರೆಸಿದೆ. ಹಿತ್ತಲಿನಿಂದ ವಿಲ್ಫ್ರೆಡ್, "ಆಯ್ತಾ?" ಎಂದು ಕೇಳಿದ.

"ಆಯ್ತು" ಎಂದೆ.