ದಿಗ್ಗೇವಾಡಿಯಲ್ಲಿ ಕಾಡು ಎಲ್ಲಿದೆ, ಸಾಹೇಬರೇ?

ಮಂಗಗಳನ್ನು ಹಿಡಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಓಣಿಯ ಮಂಗಗಳನ್ನು ದಟ್ಟ ಕಾಡಿಗೆ ಸಾಗಿಸಿದ್ದೇವೆಂದು ತಾವು ಹೇಳಿದಿರಿ. ಅವು ಈಗ ದಿಗ್ಗೇವಾಡಿಯಲ್ಲಿ, ನನ್ನ ಮಗಳ ಮನೆಯ ಮೇಲಿವೆ. ಅಲ್ಲಿನ ಕಬ್ಬಿನ ಹೊಲವನ್ನು ಕಾಡೆಂದು ತಮ್ಮ ಕಚೇರಿ ಯಾವಾಗ ಘೋಷಿಸಿತು?

ಚಿಕ್ಕೋಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು ನಾನು. ನನ್ನ ಹೆಂಡತಿ ಸೋನಾಬಾಯಿ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಮೋಟು ಬಾಲದ ಹೆಣ್ಣು ಮಂಗವೊಂದು ಬಳಗ ಸಮೇತ ಬಂದು ತಿಂದು ಹೋಗುತ್ತಿತ್ತು. ಅದಕ್ಕೇ ದೂರು ಕೊಟ್ಟೆ. ತಮ್ಮವರು ಬಂದರು, ಬೋನಿಟ್ಟರು, ದೊಡ್ಡವನ್ನೆಲ್ಲ ಹಿಡಿದುಕೊಂಡು ಹೋದರು. ಮೋಟು ಬಾಲದವಳ ಮರಿ ಮಾತ್ರ ಹೊರಗೇ ಉಳಿಯಿತು. ಅಷ್ಟು ಕರ್ತವ್ಯನಿಷ್ಠರಿಗೆ ಅಂಗೈಯಗಲದ ಜೀವ ಕಾಣಲಿಲ್ಲವೇ?

ಅದು ಕಿರುಚುತ್ತ ಕೂತಿತ್ತು. ಮಂಗ ಕಂಡರೆ ಕೋಲು ಹಿಡಿಯುತ್ತಿದ್ದ ಸೋನಾಬಾಯಿ ಹತ್ತಿರ ಹೋದಳು. ಮರಿ ಜಿಗಿದು ಅವಳ ಕೊರಳಿಗೆ ಜೋತುಬಿತ್ತು, ಬಿಡಿಸಿದರೂ ಬಿಡಲಿಲ್ಲ. ನಾನು ತಮ್ಮ ಕಚೇರಿಗೆ ಓಡಿದೆ. "ಮರಿ ಬಗ್ಗೆ ನಿಮ್ಮ ದೂರಿನ್ಯಾಗ ಏನೂ ಬರದಿಲ್ರಿ," ಎಂದರು ಗುಮಾಸ್ತರು. ಎಂಥ ಸೂಕ್ಷ್ಮ ಓದು!

ಮರುದಿನ ಮಗಳು ಮನಿಷಾಳ ಫೋನು ಬಂತು. "ಪಪ್ಪಾ, ಅವ್ವನ ಸಂಡಿಗಿ ತಿಂತಿತ್ತಲ್ಲ ಮೋಟು ಬಾಲದ್ದು, ಅದು ನಮ್ಮ ಮನಿ ಪತ್ರಾಸಿನ ಮ್ಯಾಲ ಕುಂತೈತಿ. ಏನ್ ಕೊಟ್ಟರೂ ತಿನವಲ್ದು, ಒಂದೇ ಸಮನ ಒದರಾಕತ್ತೈತಿ."

ಸೋನಾಬಾಯಿ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನೊಡನೆ ಬಸ್ ಹತ್ತಿದಳು. ಸೆರಗಿನಿಂದ ಪುಟ್ಟ ಕೈಯೊಂದು ಹೊರಬಂದು ಕಂಡಕ್ಟರನ ಪೆನ್ನು ಕಸಿಯಿತು. ಆತ ತುಸು ಯೋಚಿಸಿದ.

"ಹೆಣ್ಣಿದ್ರ ಫ್ರೀ ಐತ್ರಿ ಅಕ್ಕಾರ. ಗಂಡಿದ್ರ ಅರ್ಧಾ ಟಿಕೇಟ್ ತಗೋಬೇಕಾಗ್ತೈತಿ."

"ನೀನ ನೋಡ್ಕೋಳಪಾ," ಎಂದು ಸೋನಾಬಾಯಿ ಸೆರಗು ಸರಿಸಿದಳು.

ಬಸ್ಸಿಗೆ ಬಸ್ಸೇ ನಕ್ಕಿತು. ಗಂಡೇ ಆಗಿತ್ತು. ಟಿಕೇಟು ತೆಗೆಸಿದೆ.

ದಿಗ್ಗೇವಾಡಿಯಲ್ಲಿ ಮರಿ ಒಮ್ಮೆ ಕೂಗಿದ್ದೇ ತಡ, ತಾಯಿ ಪತ್ರಾಸಿನ ತಗಡಿನ ಮೇಲಿಂದ ದಡದಡ ಇಳಿದು ಬಂದು ಅದನ್ನು ಎದೆಗವಚಿಕೊಂಡಿತು. ಹೋಗುವಾಗ ನನ್ನ ತಲೆಯ ಮೇಲಿನ ಟೋಪಿಯನ್ನೂ ಒಯ್ದಿತು.

"ಒಯ್ಲಿ ಬಿಡ್ರಿ, ಆಕೀಗೆ ನಿಮ್ಮ ಮ್ಯಾಲ ಸಿಟ್ಟಿರೂದ," ಎಂದು ಸೋನಾಬಾಯಿ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದಳು. ಅವಳ ನಗು ನಿಲ್ಲಲೇ ಇಲ್ಲ. ಅವಳನ್ನು ನೋಡಿ ನಾವೆಲ್ಲ ಅಂಗಳದಲ್ಲೇ ಹೊಟ್ಟೆ ಹಿಡಿದು ಕೂತೆವು.

ನಗು ಇಳಿದ ಮೇಲೆ ಅಳಿಯ ಸಮ್ಮೇದ ಹೇಳಿದ: "ಮಾವಾರ, ಕಬ್ಬು ಮುರದು ಹಾಕಾಕತ್ತಾವ್ರಿ. ಊರವ್ರೂ ಇವನ್ನ ಹಿಡಿಸಾಕ ಅರ್ಜಿ ಕೊಟ್ಟಾರ."

"ಹಿಡದು ಎಲ್ಲಿ ಬಿಡ್ತಾರಂತ?"

"ದೂರದ ಕಾಡಿಗಂತ್ರಿ."

ಆ ಕಾಡು ನಮ್ಮ ಓಣಿಯೇ ಅಲ್ಲವೆಂದು ತಾವು ಬರೆದುಕೊಡಬಲ್ಲಿರಾ?

ಹಿಡಿಯಲೇಬೇಕಾದರೆ ತಾಯಿ ಮರಿಗಳನ್ನು ಅಗಲಿಸಬೇಡಿ, ನಿಜವಾದ ಕಾಡಿಗೇ ಒಯ್ಯಿರಿ. ಅದಾಗದಿದ್ದರೆ ಇದ್ದಲ್ಲೇ ಇರಲು ಬಿಡಿ, ಮಾರ್ಕೆಟ್ಟಿನ ಕಸದ ತೊಟ್ಟಿಗಳಿಗೆ ಮುಚ್ಚಳ ಹಾಕಿಸಿ. ನಮ್ಮ ಮಾಳಿಗೆಗೆ ಬಲೆ ನಾವೇ ಕಟ್ಟಿಕೊಳ್ಳುತ್ತೇವೆ. ಮತ್ತು ದಯವಿಟ್ಟು ನನ್ನ ಮೊದಲ ದೂರನ್ನು ಇಂದೇ ರದ್ದುಮಾಡಿ.

ಇಂತಿ,
ತನ್ನದೇ ದೂರಿನ ಮೇಲೆ ದೂರು ಕೊಡಬೇಕಾಗಿ ಬಂದ
ಬಾಪುಸಾಹೇಬ, ಚಿಕ್ಕೋಡಿ